ಬಯಾಫ್ರಾದ ಹಸಿವು ಮತ್ತು ಚರ್ಚುಗಳ ನೆರವು

ದೂರದ ನಾಡಿನಲ್ಲಿ ನೆರೆಯೋ ಯುದ್ಧವೋ ಬಂದೆರಗಿದಾಗ ನಾವು ಪರಿಹಾರ ನಿಧಿಗೆ ಚೆಕ್ಕು ಬರೆದುಕೊಟ್ಟು ಸಮಾಧಾನ ತಾಳುತ್ತೇವೆ. ಆ ಹಣ ಹಸಿದವರನ್ನು ತಲುಪುವ ದಾರಿ ಎಷ್ಟು ಕಠಿಣವೆಂಬುದಕ್ಕೆ ಬಯಾಫ್ರಾ ಒಂದು ನಿದರ್ಶನ.

1967ರಲ್ಲಿ ನೈಜೀರಿಯಾದ ಪೂರ್ವಭಾಗವು ಬಯಾಫ್ರಾ ಎಂಬ ಹೆಸರಿನಿಂದ ಸ್ವಾತಂತ್ರ್ಯ ಘೋಷಿಸಿತು. ಕೇಂದ್ರ ಸರಕಾರವು ದಿಗ್ಬಂಧನ ವಿಧಿಸಿ ಬಂದರುಗಳನ್ನು ವಶಪಡಿಸಿಕೊಂಡಾಗ ಆಹಾರದ ದಾರಿಗಳು ಮುಚ್ಚಿದವು. ಪ್ರೋಟೀನಿನ ಕೊರತೆಯಿಂದ ಮಕ್ಕಳ ಹೊಟ್ಟೆ, ಕಾಲುಗಳು ಊದಿಕೊಂಡವು. 1968ರಲ್ಲಿ ಕ್ಯಾಥೊಲಿಕ್ ಹಾಗೂ ಪ್ರಾಟೆಸ್ಟಂಟ್ ಚರ್ಚುಗಳ ಸೇವಾಸಂಸ್ಥೆಗಳು ಒಂದುಗೂಡಿ, ಸಾವೊ ತೋಮೆ ದ್ವೀಪದಿಂದ ವಿಮಾನಗಳಲ್ಲಿ ಒಣಮೀನು, ಹಾಲಿನ ಪುಡಿ, ಔಷಧಿಗಳನ್ನು ಸಾಗಿಸತೊಡಗಿದವು. ಉಲಿ ಎಂಬಲ್ಲಿ ಅಗಲಗೊಳಿಸಿದ ರಸ್ತೆಯೇ ವಿಮಾನ ನಿಲ್ದಾಣ. ಬಾಂಬಿನ ಭಯದಿಂದ ವಿಮಾನಗಳು ಇಳಿಯುತ್ತಿದ್ದುದು ರಾತ್ರಿಯಲ್ಲಿ. ದೀಪಗಳು ಬೆಳಗುತ್ತಿದ್ದುದು ಇಳಿಯುವಷ್ಟು ಹೊತ್ತು ಮಾತ್ರ. 1969ರ ಜೂನ್‌ನಲ್ಲಿ ರೆಡ್‌ಕ್ರಾಸ್ ವಿಮಾನವೊಂದನ್ನು ಹೊಡೆದುರುಳಿಸಿದ ಬಳಿಕ ಆ ಸಂಸ್ಥೆ ಹಾರಾಟ ನಿಲ್ಲಿಸಿತು; ಚರ್ಚುಗಳು ಮುಂದುವರಿಸಿದವು. 1970ರ ಜನವರಿಯಲ್ಲಿ ಯುದ್ಧ ಮುಗಿಯುವ ತನಕ 5,000ಕ್ಕೂ ಮಿಕ್ಕಿ ಹಾರಾಟಗಳಲ್ಲಿ ಸುಮಾರು 60,000 ಟನ್ ಸಾಮಗ್ರಿ ತಲುಪಿತು. ಈ ಸೇವೆಯಲ್ಲಿ ಹಲವು ವಿಮಾನ ಸಿಬ್ಬಂದಿ ಪ್ರಾಣತೆತ್ತರು.

ಲೆಕ್ಕಕ್ಕೆ ಇನ್ನೊಂದು ಬದಿಯೂ ಉಂಟು. ಸ್ಥಳೀಯ ಖರ್ಚಿಗಾಗಿ ಸಂಸ್ಥೆಗಳು ಬದಲಾಯಿಸಿಕೊಂಡ ವಿದೇಶಿ ಹಣ ಬಯಾಫ್ರಾ ಸರಕಾರದ ಕೈಸೇರಿತು; ಅದರಿಂದ ಯುದ್ಧ ದೀರ್ಘವಾಯಿತೆಂಬ ಆಕ್ಷೇಪ ಇಂದಿಗೂ ಇದೆ. ಬ್ಯಾಂಕಿನ ಲೆಡ್ಜರಿನಲ್ಲೇ ಆಯುಷ್ಯ ಸವೆಸಿದ ನಮಗೆ ಈ ಮಾತು ಹಗುರವೆನಿಸದು. ಆದರೆ ಹಸಿದ ಮಗುವಿಗೆ ಯುದ್ಧ ಮುಗಿಯಲೆಂದು ಹೇಳುವುದಾದರೂ ಹೇಗೆ? ನಾವು ಕೊಡೋಣ, ಕೊಟ್ಟದ್ದು ಯಾರ ಕೈದಾಟಿ ಎಲ್ಲಿಗೆ ಹೋಯಿತೆಂದು ಸಂಕೋಚವಿಲ್ಲದೆ ಕೇಳೋಣ.