ಬಸವಸಾಗರದ ಗೇಟು, ಮನೆಯ ಮೀನುತೊಟ್ಟಿ

ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪಕ್ಕೆ ಹೋಗುವವರು ನೀರಿನ ನಡುವೆ ಕಟ್ಟಿದ ಗೋಪುರದೊಳಗೆ ಮೆಟ್ಟಿಲಿಳಿಯುತ್ತಾರೆ. ಗೋಡೆಯಾಚೆ ನಿಂತಿರುವುದು ನಾರಾಯಣಪುರದ ಬಸವಸಾಗರದ ಹಿನ್ನೀರು. 1982ರಲ್ಲಿ ಮುಗಿದ ಆ ಜಲಾಶಯದ ಪೂರ್ಣ ಮಟ್ಟ 492.25 ಮೀಟರ್. ಮೇಲಿನ ಆಲಮಟ್ಟಿಯ 26 ಗೇಟುಗಳಿಂದ ಕೃಷ್ಣೆ ನುಗ್ಗಿ ಬಂದಾಗ ಈ ಮಟ್ಟ ಕಾಯಬೇಕಾದವು ಬಸವಸಾಗರದ ಉಕ್ಕಿನ ಗೇಟುಗಳು.

ಇಂಥ ಗೇಟನ್ನು ಏರಿಸಿ ಇಳಿಸುವುದು ಮೋಟಾರು. ಮೂರು ಫೇಸ್ ಮೋಟಾರು ಹಿಂದಕ್ಕೆ ತಿರುಗಬೇಕೆಂದರೆ ಎರಡು ಫೇಸ್ ಅದಲುಬದಲು ಮಾಡಿದರೆ ಸಾಕು. ಅದಕ್ಕೆಂದು ಎರಡು ಕಾಂಟ್ಯಾಕ್ಟರ್ ಇಡುತ್ತಾರೆ, ಏರಿಸಲು ಒಂದು, ಇಳಿಸಲು ಒಂದು. ಕಾಂಟ್ಯಾಕ್ಟರ್ ಎಂದರೆ ದೊಡ್ಡ ರಿಲೇಯೇ: ಕಾಯಿಲ್‌ಗೆ ಸಣ್ಣ ಕರೆಂಟು ಕೊಟ್ಟರೆ ಅದು ಅಯಸ್ಕಾಂತವಾಗಿ ಕಬ್ಬಿಣದ ತುಂಡೊಂದನ್ನು ಎಳೆಯುತ್ತದೆ, ಆ ತುಂಡು ಭಾರಿ ಕರೆಂಟಿನ ಸಂಪರ್ಕವನ್ನು ಕೂಡಿಸುತ್ತದೆ. ಎರಡೂ ಒಮ್ಮೆಗೇ ಕೂಡಿದರೆ ಫೇಸ್‌ಗೆ ಫೇಸ್ ತಗುಲಿ ಶಾರ್ಟ್ ಆಗುತ್ತದೆ. ಅದಕ್ಕೇ ಒಂದರ ಕಾಯಿಲ್‌ಗೆ ಹೋಗುವ ತಂತಿಯನ್ನು ಇನ್ನೊಂದು ಎಳೆದುಕೊಂಡಾಗ ಬಿಟ್ಟುಕೊಳ್ಳುವ ಅದರ ಸಂಪರ್ಕದ ಮೂಲಕ ಹಾಯಿಸುತ್ತಾರೆ; ಅದು ಎಳೆದುಕೊಂಡಿರುವಷ್ಟು ಹೊತ್ತು ಇದಕ್ಕೆ ಕರೆಂಟೇ ಬರದು. ಇದು ಇಂಟರ್‌ಲಾಕ್. ತಪ್ಪು ಅಪ್ಪಣೆಗೆ ಒಪ್ಪದ ಈ ಗುಣಕ್ಕಾಗಿಯೇ ನನಗೆ ರಿಲೇ ಮೇಲೆ ಗೌರವ. 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಉದ್ಘಾಟನೆಯಾದ ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣ ಯೋಜನೆಯಲ್ಲಿ ಸ್ಕಾಡಾ ವ್ಯವಸ್ಥೆ ಗೇಟುಗಳನ್ನು ದೂರದಿಂದಲೇ ನಡೆಸುತ್ತದೆ. ಗೇಟಿನ ಬಳಿ ಆಳಿಲ್ಲದಲ್ಲಿ ಆ ಗುಣ ಇನ್ನಷ್ಟು ಬೇಕು.

ಮನೆಯ ಅಕ್ವೇರಿಯಂಗೂ ಇದೇ ಲೆಕ್ಕ. ಹುನಗುಂದ, ಇಳಕಲ್ ಕಡೆಯ ಬೇಸಿಗೆಯಲ್ಲಿ ತೊಟ್ಟಿಯ ನೀರು ಬೇಗ ಆರುತ್ತದೆ. ಆರಿದಷ್ಟು ತುಂಬಲು 12 ವೋಲ್ಟ್ ಮೋಟಾರು ವಾಲ್ವ್ ಹಾಕಬಹುದು. ಎರಡೇ ತಂತಿಯ ವಾಲ್ವ್ ಕೊಳ್ಳಿ: ಪ್ಲಸ್-ಮೈನಸ್ ತಿರುವುಮುರುವು ಮಾಡಿದರೆ ತೆರೆದದ್ದು ಮುಚ್ಚುತ್ತದೆ. ತುದಿ ಮುಟ್ಟಿದಾಗ ಮೋಟಾರು ನಿಲ್ಲಿಸುವ ಲಿಮಿಟ್ ಸ್ವಿಚ್ ಅದರೊಳಗೇ ಇರಬೇಕು.

ಈ ತಿರುವಿಗೆ ಎಂಟು ಕಾಲಿನ, ಎರಡು ಜೋಡಿ ಸಂಪರ್ಕದ ಒಂದೇ ರಿಲೇ ಸಾಕು. ಮೋಟಾರಿನ ಎರಡು ತಂತಿ ಎರಡು ಕಾಮನ್ ಕಾಲುಗಳಿಗೆ. ರಿಲೇ ವಿಶ್ರಾಂತಿಯಲ್ಲಿದ್ದಾಗ ವಾಲ್ವ್ ಮುಚ್ಚುವಂತೆ, ಎಳೆದುಕೊಂಡಾಗ ತೆರೆಯುವಂತೆ ಪ್ಲಸ್-ಮೈನಸ್ ಜೋಡಿಸಿ. ಎರಡೂ ಸಂಪರ್ಕಗಳು ಒಂದೇ ತುಂಡಿನೊಡನೆ ಸರಿಯುವುದರಿಂದ ತೆರೆ, ಮುಚ್ಚು ಎಂಬ ಎರಡು ಅಪ್ಪಣೆ ಒಟ್ಟಿಗೆ ಹೋಗಲು ದಾರಿಯೇ ಇಲ್ಲ. ರಿಲೇಗೆ ಅಪ್ಪಣೆ ಕೊಡುವ ಮೈಕ್ರೋಕಂಟ್ರೋಲರ್‌ನ ಪ್ರೋಗ್ರಾಂ ಕೆಟ್ಟರೂ ಇದು ಕೆಡುವುದಿಲ್ಲ.

ಮೈಕ್ರೋಕಂಟ್ರೋಲರ್‌ನ ಕಾಲಿಗೆ ಕಾಯಿಲ್ ಎಳೆಯುವಷ್ಟು ಶಕ್ತಿಯಿಲ್ಲ. ನಡುವೆ ಟ್ರಾನ್ಸಿಸ್ಟರ್ ಬೇಕು. ಕಾಯಿಲ್ ಕರೆಂಟು ಕಡಿದ ಕ್ಷಣ ಅದರಲ್ಲಿ ಕೂಡಿದ್ದ ಶಕ್ತಿ ಎತ್ತರದ ವೋಲ್ಟೇಜಾಗಿ ಚಿಮ್ಮಿ ಟ್ರಾನ್ಸಿಸ್ಟರನ್ನು ಸುಡಬಲ್ಲದು. ಆದ್ದರಿಂದ ಕಾಯಿಲ್‌ಗೆ ಅಡ್ಡಲಾಗಿ, ಬೆಳ್ಳಿ ಪಟ್ಟಿ ಪ್ಲಸ್ ಕಡೆ ಬರುವಂತೆ ಒಂದು ಡಯೋಡ್ ಹಾಕಿ. ಒಂದೆರಡು ರೂಪಾಯಿಯ ವಸ್ತು, ಬಿಡಬೇಡಿ.

ತೊಟ್ಟಿಯ ಅಂಚಿನ ಹತ್ತಿರ ಫ್ಲೋಟ್ ಸ್ವಿಚ್ ಇಟ್ಟು ಕಾಯಿಲ್‌ನ ತಂತಿಯನ್ನು ಅದರ ಮೂಲಕ ತನ್ನಿ. ನೀರು ಮೇಲೇರಿದರೆ ತಂತಿ ಕಡಿದು ರಿಲೇ ಬೀಳುತ್ತದೆ, ವಾಲ್ವ್ ಮುಚ್ಚುತ್ತದೆ. ಮನೆಯ ಕರೆಂಟು ಹೋದಾಗ ವಾಲ್ವ್ ಅರ್ಧ ತೆರೆದೇ ನಿಂತುಬಿಟ್ಟರೆ ನೆಲವೆಲ್ಲ ನೀರು. ಹಾಗಾಗಿ ಕಾಯಿಲ್‌ಗೆ ಅಡಾಪ್ಟರ್‌ನ ಕರೆಂಟು, ಮೋಟಾರಿಗೆ ಚಿಕ್ಕ ಬ್ಯಾಟರಿ. ಆಗ ಕರೆಂಟು ಹೋದ ಕೂಡಲೇ ರಿಲೇ ಬೀಳುತ್ತದೆ, ಬ್ಯಾಟರಿ ವಾಲ್ವನ್ನು ಪೂರ್ತಿ ಮುಚ್ಚುತ್ತದೆ. ಮೀನು ಬಿಡುವ ಮುಂಚೆ, ವಾಲ್ವ್ ತೆರೆದಿರುವಾಗಲೇ ಪ್ಲಗ್ ಕಿತ್ತು ಇದನ್ನು ನೋಡಿಕೊಳ್ಳಿ.