ಲೋಳೆಸರದ ಹಳದಿ ರಸ

ಹಿತ್ತಿಲಿನಲ್ಲಿ ತಾನಾಗಿ ಬೆಳೆಯುವ, ಬಾಗಿಲ ಮೇಲೆ ತಲೆಕೆಳಗಾಗಿ ತೂಗುಬಿಟ್ಟರೂ ಬೇಗನೆ ಬಾಡದ ಲೋಳೆಸರವನ್ನು ಅರಿಯದವರಾರು? ಆದರೆ ಅದರ ಒಂದೇ ಎಲೆಯಲ್ಲಿ ತೀರ ಭಿನ್ನ ಗುಣದ ಎರಡು ದ್ರವಗಳಿರುವುದನ್ನು ನಮ್ಮಲ್ಲಿ ಬಹುಮಂದಿ ಗಮನಿಸುವುದಿಲ್ಲ. ಎಲೆಯನ್ನು ಕೊಯ್ದ ಕೂಡಲೇ ಒಸರುವುದು ಕಹಿಯಾದ ಹಳದಿ ರಸ. ಅದರ ನೆಲೆ ಸಿಪ್ಪೆಯ ಒಳಮಗ್ಗುಲು. ನಡುವಿನ ತಿಳಿಯಾದ ತಿರುಳೇ ಬೇರೆ. ಅದರಲ್ಲಿ ನೂರಕ್ಕೆ 98 ಪಾಲಿಗೂ ಮಿಕ್ಕಿ ನೀರೇ ಇದೆ.

ಹಳದಿ ರಸವನ್ನು ಬತ್ತಿಸಿ ಗಟ್ಟಿಗೊಳಿಸಿದರೆ ದೊರೆಯುವುದು ಕರಿಬೋಳ. ಬಾರ್ಬಡೋಸ್ ದ್ವೀಪದಿಂದ ಬಂದ ಇಂತಹ ಕರಿಬೋಳದಿಂದ 1851ರಲ್ಲಿ ಎಡಿನ್‌ಬರೋದ ಟಿ. ಮತ್ತು ಎಚ್. ಸ್ಮಿತ್ ಎಂಬ ಔಷಧ ತಯಾರಕರು ಹಳದಿ ಹರಳುಗಳನ್ನು ಬೇರ್ಪಡಿಸಿದರು. ಅದೇ ಅಲೋಯಿನ್. ಇಂದು ಅದನ್ನು ಗುರುತಿಸುವ ಒಂದು ಬಗೆ ನೋಡಲು ಬಲು ಸೊಗಸು. ರಸವನ್ನು ಮೆಥನಾಲಿನಲ್ಲಿ ಕರಗಿಸಿ, ಸಿಲಿಕಾ ಲೇಪಿಸಿದ ಫಲಕದ ಕೆಳಭಾಗದಲ್ಲಿ ಒಂದು ಸಣ್ಣ ಬೊಟ್ಟಿಡುವರು. ಪಕ್ಕದಲ್ಲಿ ಶುದ್ಧ ಅಲೋಯಿನ್‌ನದೊಂದು ಬೊಟ್ಟು. ಫಲಕದ ತುದಿಯನ್ನು ದ್ರಾವಕದಲ್ಲಿ ಅದ್ದಿ ನಿಲ್ಲಿಸಿದರೆ ದ್ರಾವಕವು ಮೆಲ್ಲಗೆ ಮೇಲೇರುತ್ತದೆ. ರಸದೊಳಗಿನ ಸಂಯುಕ್ತಗಳು ಬೇರೆ ಬೇರೆ ಎತ್ತರಕ್ಕೆ ಸಾಗಿ ನಿಲ್ಲುತ್ತವೆ. ನೇರಳಾತೀತ ಬೆಳಕಿನಲ್ಲಿ ಎರಡೂ ಸಾಲುಗಳಲ್ಲಿ ಒಂದೇ ಎತ್ತರದಲ್ಲಿ ಹಳದಿ ಹೊಳಪು ಕಂಡರೆ ಅಲೋಯಿನ್ ಇದೆಯೆಂದು ತಿಳಿಯಬಹುದು. ತಿರುಳಿಗಾದರೋ ಆಲ್ಕೋಹಾಲ್ ಬೆರೆಸುವರು; ಅಸಿಮ್ಯಾನನ್ ಎಂಬ ಬಹುಶರ್ಕರವು ಆಗ ಬೇರ್ಪಟ್ಟು ತಳಕ್ಕಿಳಿಯುತ್ತದೆ.

ಇದು ಕೇವಲ ಪಂಡಿತರ ವಿನೋದವಲ್ಲ. ಅಲೋಯಿನ್ ದೊಡ್ಡ ಕರುಳನ್ನು ಸೇರಿ, ಅಲ್ಲಿನ ಸೂಕ್ಷ್ಮಜೀವಿಗಳಿಂದ ಒಡೆಯಲ್ಪಟ್ಟು ಬಲವಾದ ಭೇದಿಯನ್ನುಂಟುಮಾಡುತ್ತದೆ. ವೈದ್ಯರ ಚೀಟಿಯಿಲ್ಲದೆ ಮಾರುತ್ತಿದ್ದ ಲೋಳೆಸರದ ಭೇದಿ ಔಷಧಗಳ ಸುರಕ್ಷತೆಗೆ ಸಾಕಷ್ಟು ಆಧಾರವಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2002ರಲ್ಲಿ ಅವುಗಳಿಗಿದ್ದ ಮಾನ್ಯತೆಯನ್ನು ತೆಗೆದುಹಾಕಿತು. ಮುಂದೆ ಅದೇ ದೇಶದಲ್ಲಿ, ಬಣ್ಣ ತೆಗೆಯದ ಇಡೀ ಎಲೆಯ ಸಾರವನ್ನು ಎರಡು ವರ್ಷ ಕುಡಿಸಿದ ಇಲಿಗಳ ದೊಡ್ಡ ಕರುಳಿನಲ್ಲಿ ಗಡ್ಡೆಗಳು ಕಂಡುಬಂದವು. ಮನುಷ್ಯರಲ್ಲಿಯೂ ಹೀಗೆಯೇ ಆಗುವುದೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೂ ನಿತ್ಯ ಬೆಳಗ್ಗೆ ಲೋಟ ತುಂಬ ಕುಡಿಯುವವರು ಒಮ್ಮೆ ಯೋಚಿಸಬೇಕಾದ ಸಂಗತಿಯಿದು.

ನಮ್ಮ ಅಜ್ಜಿಯರು ಕೊಯ್ದ ಎಲೆಯನ್ನು ಗೋಡೆಗೊರಗಿಸಿ, ಹಳದಿ ನೀರು ಇಳಿದ ಬಳಿಕವೇ ಸಿಪ್ಪೆ ಹೆರೆದು, ತಿರುಳನ್ನು ಹಲವು ಬಾರಿ ತೊಳೆಯುತ್ತಿದ್ದುದನ್ನು ನಾವು ಕಂಡಿದ್ದೇವೆ. ಅಲೋಯಿನ್ ಎಂಬ ಹೆಸರನ್ನು ಅವರು ಕೇಳಿದವರಲ್ಲ. ಕಾರ್ಖಾನೆಗಳು ಈ ಕೆಲಸಕ್ಕೆ ಇದ್ದಲನ್ನು ಬಳಸುತ್ತವೆ. ವಿಶೇಷವಾಗಿ ಸಿದ್ಧಪಡಿಸಿದ ಇದ್ದಲಿನ ಪುಡಿಯು ಹಳದಿ ಅಂಶವನ್ನು ಹೀರಿಕೊಳ್ಳುತ್ತದೆ. ಆದುದರಿಂದ ಸೀಸೆಯ ರಸವನ್ನು ಕೊಳ್ಳುವಾಗ ಅದು ಬರಿಯ ತಿರುಳಿನದೋ ಇಡೀ ಎಲೆಯದೋ, ಇಡೀ ಎಲೆಯದಾದರೆ ಅಲೋಯಿನ್ ತೆಗೆದಿರುವರೋ ಎಂಬುದನ್ನು ಚೀಟಿಯಲ್ಲಿ ಓದಬೇಕು. ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ವೈದ್ಯರನ್ನು ಕೇಳದೆ ಇದನ್ನು ಕುಡಿಯಲಾಗದು. ತಿರುಳನ್ನು ತೊಳೆದು ತಲೆಗೂದಲಿಗೆ ಹಚ್ಚುವವರಿಗೆ ಈ ಅಂಜಿಕೆಯಿಲ್ಲ.