ಬಣ್ಣ ಬಳಿದ ಕಪ್ಪು ಇಟ್ಟಿಗೆ

2022ರ ಅಕ್ಟೋಬರ್‌ನಲ್ಲಿ ರಿಷಿ ಸುನಕ್ ಬ್ರಿಟನ್ನಿನ ಪ್ರಧಾನಿಯಾದಾಗ ‘ಕನ್ನಡದ ಅಳಿಯ’ನ ಹೊಸ ಮನೆಯೆಂದು ಡೌನಿಂಗ್ ಸ್ಟ್ರೀಟಿನ 10ನೇ ಸಂಖ್ಯೆಯ ಕಪ್ಪು ಬಾಗಿಲು, ಕಪ್ಪು ಗೋಡೆ ನಮಗೂ ಪರಿಚಿತವಾದವು. 2024ರ ಜುಲೈನಲ್ಲಿ ಅಳಿಯಂದಿರು ಮನೆ ಖಾಲಿ ಮಾಡಿದರು. ಗೋಡೆ ಮಾತ್ರ ಕಪ್ಪಾಗಿಯೇ ಇದೆ. ಆದರೆ ಆ ಇಟ್ಟಿಗೆಯ ನಿಜವಾದ ಬಣ್ಣ ಹಳದಿ.

ಇದು ಅರಮನೆಯಾಗಿ ಹುಟ್ಟಿದ ಕಟ್ಟಡವಲ್ಲ. ಜಾರ್ಜ್ ಡೌನಿಂಗ್ ಎಂಬಾತ 1682ರಿಂದ 1684ರ ನಡುವೆ ಲಾಭಕ್ಕಾಗಿ ಕಟ್ಟಿಸಿದ ಸಾಲುಮನೆಗಳಲ್ಲಿ ಒಂದು. ಜೌಗು ನೆಲ, ಆಳವಿಲ್ಲದ ಅಡಿಪಾಯ, ಅಗ್ಗದ ಕೆಲಸ. ಇಟ್ಟಿಗೆಗಳ ನಡುವಿನ ಗಾರೆ ನೇರವಾಗಿ ಕಾಣಲೆಂದು ಗೋಡೆಯ ಮೇಲೆ ಗೆರೆಗಳನ್ನು ಬಣ್ಣದಲ್ಲಿ ಬರೆಸಿದ್ದನಂತೆ. ಈ ಮನೆಯ ಮುಖಕ್ಕೆ ಬಣ್ಣ ಹಚ್ಚುವ ಅಭ್ಯಾಸ ಹೊಸದೇನಲ್ಲ.

1732ರಲ್ಲಿ ಎರಡನೆಯ ಜಾರ್ಜ್ ದೊರೆ ಇದನ್ನು ರಾಬರ್ಟ್ ವಾಲ್‌ಪೋಲ್‌ಗೆ ಉಡುಗೊರೆಯಾಗಿ ಕೊಡಲು ಮುಂದಾದ. ತನಗೆ ಬೇಡ, ತನ್ನ ಹುದ್ದೆಗೆ ಕೊಡಿ ಎಂದ ವಾಲ್‌ಪೋಲ್. ಆ ಹುದ್ದೆಯ ಹೆಸರಾದ ‘ಫಸ್ಟ್ ಲಾರ್ಡ್ ಆಫ್ ದಿ ಟ್ರೆಷರಿ’ ಎಂಬ ಬರಹ ಬಾಗಿಲಿನ ಹಿತ್ತಾಳೆಯ ಅಂಚೆಕಿಂಡಿಯ ಮೇಲೆ ಇಂದಿಗೂ ಇದೆ. ವಾಸ್ತುಶಿಲ್ಪಿ ವಿಲಿಯಂ ಕೆಂಟ್ ಈ ಸಾಲುಮನೆಯನ್ನು ಹಿಂಬದಿಯ ದೊಡ್ಡ ಬಂಗಲೆಯೊಂದಿಗೆ ಜೋಡಿಸಿದ. ಪಕ್ಕದ ಪುಟ್ಟ ಮನೆಯಲ್ಲಿದ್ದ ಚಿಕನ್ ಎಂಬ ಹೆಸರಿನ ಬಾಡಿಗೆದಾರನನ್ನು ಒಪ್ಪಿಸಿ ಬೇರೆಡೆಗೆ ಕಳುಹಿಸಿ ಅದನ್ನೂ ಒಳಗೆ ಸೇರಿಸಿಕೊಂಡರು. 1735ರಲ್ಲಿ ವಾಲ್‌ಪೋಲ್ ಗೃಹಪ್ರವೇಶ ಮಾಡಿದ. ಬೀದಿಯಿಂದ ನೋಡುವವರಿಗೆ ಸಾಧಾರಣ ಮನೆ. ಒಳಹೊಕ್ಕರೆ ಸುಮಾರು ನೂರು ಕೋಣೆ. ಕೆಂಟ್ ಕಟ್ಟಿದ ಕಲ್ಲಿನ ಮೆಟ್ಟಿಲಸಾಲು ಕಾಣುವ ಆಧಾರವಿಲ್ಲದೆ ಗೋಡೆಯಿಂದಲೇ ಚಾಚಿ ನಿಂತಿದೆ. ಅದರ ಪಕ್ಕದಲ್ಲಿ ಮಾಜಿ ಪ್ರಧಾನಿಗಳ ಚಿತ್ರಗಳು ಸಾಲಾಗಿವೆ. ಜಾನ್ ಸೋನ್ ವಿನ್ಯಾಸಗೊಳಿಸಿದ ಭೋಜನಶಾಲೆ ಸೇರಿದ್ದು 1820ರ ದಶಕದಲ್ಲಿ.

ಆದರೂ ಅಡಿಪಾಯ ಡೌನಿಂಗ್ ಹಾಕಿದ್ದೇ ತಾನೆ? 1950ರ ದಶಕದ ಹೊತ್ತಿಗೆ ನೆಲ ಕುಸಿಯತೊಡಗಿತ್ತು, ಗೋಡೆ ಬಿರುಕು ಬಿಟ್ಟಿತ್ತು. ಪೂರ್ತಿ ಕೆಡವಿ ಹೊಸದಾಗಿ ಕಟ್ಟುವ ಆಲೋಚನೆಯೂ ಬಂತು. ನಮ್ಮಲ್ಲಾದರೆ ‘ಶಿಥಿಲ’ ಎಂಬ ಒಂದೇ ಪದ ನೆಲಸಮಕ್ಕೆ ಸಾಕು. ಅಲ್ಲಿ ಮಾತ್ರ ಉಳಿಸುವ ನಿರ್ಧಾರವಾಗಿ, ಕೆಲಸ ರೇಮಂಡ್ ಎರಿತ್ ಎಂಬ ವಾಸ್ತುಶಿಲ್ಪಿಯ ಪಾಲಿಗೆ ಬಂತು. 1960ರಿಂದ 1963ರವರೆಗೆ ಪ್ರಧಾನಿ ಮ್ಯಾಕ್‌ಮಿಲನ್ ಬೇರೆಡೆ ವಾಸಿಸಿದರು. ಕೋಣೆಗಳನ್ನು ಅಳೆದು, ಛಾಯಾಚಿತ್ರ ತೆಗೆದು, ಬಿಚ್ಚಿ, ಆಳವಾದ ಹೊಸ ಅಡಿಪಾಯದ ಮೇಲೆ ಮತ್ತೆ ಜೋಡಿಸಿದರು. ಸಂಪುಟ ಸಭೆಯ ಕೋಣೆಯ ಮರದ ಕಂಬಗಳು ಕೊಳೆತಿದ್ದವು. ಇಷ್ಟೆಲ್ಲ ಆದ ಕೆಲವೇ ವರ್ಷಗಳಲ್ಲಿ ಮರಕ್ಕೆ ಮತ್ತೆ ಬೂಷ್ಟು ಹಿಡಿದು ರಿಪೇರಿ ಮಾಡಬೇಕಾಯಿತು ಎಂಬುದನ್ನೂ ಹೇಳಬೇಕು.

ಆಗಲೇ ಗೋಡೆಯ ಗುಟ್ಟು ಬಯಲಾದದ್ದು. ತೊಳೆದಾಗ ಇಟ್ಟಿಗೆ ಹಳದಿಯಾಗಿತ್ತು. ಕಪ್ಪು ಎಂದು ಲೋಕ ನಂಬಿದ್ದು ಎರಡು ಶತಮಾನಗಳ ಕಲ್ಲಿದ್ದಲ ಹೊಗೆಯನ್ನು. ಹಾಗೇ ಬಿಟ್ಟಿದ್ದರೆ ಡೌನಿಂಗ್ ಕಟ್ಟಿಸಿದ ಮನೆ ಸಿಗುತ್ತಿತ್ತು, ಜನ ಕಂಡಿದ್ದ ಮನೆ ಹೋಗುತ್ತಿತ್ತು. ಅವರು ಎರಡನೆಯದನ್ನು ಆಯ್ದು ಕಪ್ಪು ಬಣ್ಣ ಬಳಿದರು. ಕೊಳೆಯನ್ನು ಪರಂಪರೆಯೆಂದು ಬಳಿಯುವುದು ವಿಚಿತ್ರವೇ. ವಸ್ತುವಿನ ಪ್ರಾಮಾಣಿಕತೆಯೇ ಮುಖ್ಯ ಎನ್ನುವವರು ಇದನ್ನು ಸೋಗು ಎಂದಾರು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ವಾಲ್‌ಪೋಲ್ ಕಾಲದ ಕೋಣೆಗಳ ಅನುಕ್ರಮ, ಮೆಟ್ಟಿಲ ತಿರುವು, ಬೀದಿಗೆ ತೋರುವ ಸಣ್ಣ ಮುಖ ಉಳಿದದ್ದು ಇಟ್ಟಿಗೆ, ಕಂಬಗಳನ್ನು ಬದಲಾಯಿಸುವ ಧೈರ್ಯ ಇದ್ದುದರಿಂದ. ಮುಟ್ಟಬಾರದೆಂದು ಕೈಕಟ್ಟಿ ಕೂತಿದ್ದರೆ ಮನೆ ಕೂಡ ಕೂತುಬಿಡುತ್ತಿತ್ತು.

ಬಾಗಿಲೂ ಈಗ ಮರದ್ದಲ್ಲ. 1991ರ ಫೆಬ್ರವರಿ 7ರಂದು ಐಆರ್‌ಎ ಹಾರಿಸಿದ ಮಾರ್ಟರ್ ಶೆಲ್ ಹಿತ್ತಲಿನಲ್ಲಿ ಸ್ಫೋಟಿಸಿದ ಮೇಲೆ ಸ್ಫೋಟ ತಡೆಯುವ ಉಕ್ಕಿನ ಬಾಗಿಲು ಬಂತು. ಹೊರಗಿನಿಂದ ಅದಕ್ಕೆ ಕೀಲಿಕಿಂಡಿಯಿಲ್ಲ. ಪ್ರಧಾನಿಗೂ ಒಳಗಿನವರೇ ತೆರೆಯಬೇಕು. ಹಳೆಯ ಬಾಗಿಲಿನಲ್ಲಿ ‘10’ರ ಸೊನ್ನೆ ಸರಿಯಾಗಿ ಕೂರದೆ ತುಸು ವಾಲಿತ್ತು ಎನ್ನುತ್ತಾರೆ. ಉಕ್ಕಿನ ಬಾಗಿಲ ಮೇಲೂ ಆ ಸೊನ್ನೆಯನ್ನು ಓರೆಯಾಗಿಯೇ ಕೂರಿಸಿದ್ದಾರೆ.